ಗಲ್ಲಾದಿಂದಲೇ ತುಂಬಿದ ಎರಡು ರೂಪಾಯಿ ಸಾಲು

ಹನ್ನೊಂದು ಮೂಲೆಯ ಎರಡು ರೂಪಾಯಿಯಲ್ಲಿ 1993ರಿಂದ 2003ರ ತನಕ ಬಂದ ಸ್ಮರಣಾರ್ಥ ನಾಣ್ಯಗಳ ಸಾಲು ಕಳೆದ ದೀಪಾವಳಿ ಹೊತ್ತಿಗೆ ನನ್ನ ಆಲ್ಬಮಿನಲ್ಲಿ ಭರ್ತಿಯಾಯಿತು. ಒಂದನ್ನೂ ವ್ಯಾಪಾರಿಯಿಂದ ಕೊಂಡಿಲ್ಲ. ಎಲ್ಲವೂ ಮುಂಬಯಿಯ ನಮ್ಮವರ ಹೋಟೆಲುಗಳ ಗಲ್ಲಾದಿಂದ, ಎರಡು ರೂಪಾಯಿಗೆ ಎರಡೇ ರೂಪಾಯಿ ಕೊಟ್ಟು ಪಡೆದವು.

ಆಗದ ಮಾತು ಎಂದವರೇ ಹೆಚ್ಚು. ಅವರ ವಾದದಲ್ಲಿ ಹುರುಳಿತ್ತು. ಆ ನಾಣ್ಯ 6 ಗ್ರಾಂ: ನಾಲ್ಕೂವರೆ ತಾಮ್ರ, ಒಂದೂವರೆ ನಿಕಲ್. 2007ರ ಸುಮಾರಿಗೆ ನಿಕಲ್ ದರ ಏರಿದಾಗ ಒಳಗಿನ ಲೋಹವೇ ಎರಡು ರೂಪಾಯಿ ದಾಟಿತ್ತು, ಕರಗಿಸುವವರು ಕರಗಿಸಿದರು. ಈಗಂತೂ ಯುಪಿಐ ಬಂದು ಗಲ್ಲಾದಲ್ಲಿ ಚಿಲ್ಲರೆಯೇ ಇಳಿದಿದೆ. ಫೋರ್ಟಿನ ಫುಟ್‌ಪಾತಿನಲ್ಲಿ ಹತ್ತಿಪ್ಪತ್ತಕ್ಕೆ ಸಿಗುವುದಕ್ಕೆ ಈ ಒದ್ದಾಟ ಯಾಕೆ ಎಂದು ಗೆಳೆಯರು ಕೇಳುತ್ತಿದ್ದರು. ಜನರ ಕೈಯಲ್ಲಿ ತಿರುಗುತ್ತಿರುವುದನ್ನೇ ಹಿಡಿಯಬೇಕೆಂಬುದು ನನ್ನ ಹಟ.

ಮೊದಲು ಬ್ಯಾಂಕಿನ ಚೀಲ ನಂಬಿದೆ. ವರ್ಷಕ್ಕೂ ಮಿಕ್ಕಿ ತಂದದ್ದೆಲ್ಲ ಟಂಕಸಾಲೆಯ ಹೊಸ ಸ್ಟೀಲ್ ಸರಕು. ಒಂದು ಪಾವತಿಯಲ್ಲಿ ಸಾವಿರ ರೂಪಾಯಿ ಮೀರಿದ ನಾಣ್ಯವನ್ನು ಯಾರೂ ತೆಗೆದುಕೊಳ್ಳಲೇಬೇಕೆಂದಿಲ್ಲ, ಹಾಗಾಗಿ ಮನೆಯಲ್ಲಿ ಏಳೆಂಟು ಸಾವಿರ ರೂಪಾಯಿ ಚಿಲ್ಲರೆಯಾಗಿ ಕೂತಿತು. ಆಮೇಲೆ ಚಿಲ್ಲರೆ ದಲ್ಲಾಳಿಗಳು. ನೂರಕ್ಕೆ ಎಂಟೋ ಹತ್ತೋ ಕಮಿಷನ್, ಒಟ್ಟು ನಾಲ್ಕೈದು ಸಾವಿರ ಹೋಯಿತು. ಅವರ ಚೀಲವನ್ನು ನನಗಿಂತ ಮೊದಲೇ ಯಾರೋ ಸೋಸಿರುತ್ತಿದ್ದರು.

ದಾರಿ ತೆರೆದದ್ದು ಮನೆಯಲ್ಲಿ ಕೂತ ಆ ಹೊಸ ನಾಣ್ಯಗಳಿಂದಲೇ. ನೋಟು ಕೊಟ್ಟು ಚಿಲ್ಲರೆ ಕೇಳಿದರೆ ಯಾವ ಕ್ಯಾಶಿಯರೂ ಕೊಡುವುದಿಲ್ಲ, ಅವನಿಗೇ ಬೇಕು. ಹೊಸ ಎರಡು ರೂಪಾಯಿ ಎಣಿಸಿಟ್ಟು ಹಳೆಯದನ್ನು ಕೇಳಿದರೆ ಖುಷಿಯಿಂದ ಕೊಡುತ್ತಾನೆ. ಗಲ್ಲಾದ ಲೆಕ್ಕ ಒಂದು ಪೈಸೆ ಆಚೀಚೆ ಆಗುವುದಿಲ್ಲ. ಬೆಳಗಿನ ಇಡ್ಲಿ ಗದ್ದಲ ಮುಗಿದ ಮೇಲೆ ಹೋಗಬೇಕು, ಒಂದು ಕಾಫಿ ಕುಡಿಯಬೇಕು, ಊರಿನ ಸುದ್ದಿ ಮಾತಾಡಬೇಕು. ವಾರದ ಯಾವ ದಿನ, ಯಾವ ಹೋಟೆಲು ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ಸೋಸಲು ಹಳೆಯ ಸ್ಪೀಕರಿನ ಅಯಸ್ಕಾಂತ. ಪ್ಲಾಸ್ಟಿಕ್ ಚೀಲದಲ್ಲಿಟ್ಟು ರಾಶಿಯ ಮೇಲೆ ಆಡಿಸಿದರೆ ಸ್ಟೀಲೆಲ್ಲ ಅಂಟಿ ಮೇಲೆ ಬರುತ್ತದೆ. ಕೆಳಗುಳಿಯುವುದು ಹಳದಿ ಐದು ಮತ್ತು ನಮಗೆ ಬೇಕಾದ ಕುಪ್ರೋನಿಕಲ್, ಅಂದರೆ ತಾಮ್ರ-ನಿಕಲ್ ಬೆರಕೆಯದು. ಮೂಲೆ ಬೆರಳಿಗೇ ತಿಳಿಯುತ್ತದೆ. ಅಂಟಿದ ರಾಶಿಯನ್ನೂ ಒಮ್ಮೆ ನೋಡಿ: ಶುದ್ಧ ನಿಕಲ್ ಕೂಡ ಅಂಟುತ್ತದೆ, ನನಗೆ 1962ರ ಒಂದು ರೂಪಾಯಿ ಸಿಕ್ಕಿದ್ದು ಹಾಗೆ. ಹೋಟೆಲಿನಲ್ಲಿ ಹುಣಸೆ ನೀರಿಗೆ ಬರವಿಲ್ಲವೆಂದು ಇದೇ ಸಾಲಿನ ಹೆಚ್ಚುವರಿ ಪಟೇಲ್ ನಾಣ್ಯವೊಂದನ್ನು ರಾತ್ರಿಯಿಡೀ ಅದರಲ್ಲಿ ನೆನೆಸಿಯೂ ನೋಡಿದೆ. ಬೆಳಿಗ್ಗೆ ಬಿಳಿಚಿಕೊಂಡು ಕೂತಿತ್ತು. ತೊಳೆಯಬೇಡಿ.

1999ರ ಶಿವಾಜಿ, 2002ರ ತುಕಾರಾಮ ಬೇಗ ಬಂದವು. 2003ರ ರೈಲ್ವೆ, ಲಾಟೀನು ಹಿಡಿದ ಆನೆಯದು, ಮೂರು ಸಿಕ್ಕಿತು. ಸುಪ್ರೀಂ ಕೋರ್ಟ್, ಅರವಿಂದರು, ಚಿತ್ತರಂಜನ ದಾಸ್ ತಡವಾಗಿ ಬಂದರು. ಕೊನೆಗೆ ಉಳಿದದ್ದು 1995ರ ತಿರುವಳ್ಳುವರ್, ತಂಜಾವೂರಿನ ವಿಶ್ವ ತಮಿಳು ಸಮ್ಮೇಳನದ್ದು. ಎರಡು ವರ್ಷ ಫೋರ್ಟ್, ಅಂಧೇರಿ ಸುತ್ತಿದರೂ ಸುಳಿವಿಲ್ಲ. ಆಗ ಲೆಕ್ಕ ಹಾಕಿದೆ: ತಮಿಳರು ಊರಿಗೆ ಹೋಗಿ ಬರುವ ಕಡೆ ಹುಡುಕಬೇಕು. ಮಾಟುಂಗಾ, ಸಯನ್, ಧಾರಾವಿ ಅಂಚಿನ ಹೋಟೆಲುಗಳಿಗೆ ತಿರುಗಿದೆ. ಮೂರು ತಿಂಗಳೊಳಗೆ ಕೈಗೆ ಬಂತು, ಅದೂ ಅಕ್ಷರ ಸವೆಯದ್ದು.

ಈಗ ಇದೇ ಸಾಲನ್ನು ಟಂಕಸಾಲೆ ಗುರುತಿನ, ಅಂದರೆ ನಾಣ್ಯ ಎಲ್ಲಿ ಅಚ್ಚಾಯಿತೆಂದು ತೋರಿಸುವ ಚಿಹ್ನೆಯ ಪ್ರಕಾರ ಕಟ್ಟುತ್ತಿದ್ದೇನೆ. ಮುಂಬಯಿಯ ವಜ್ರದ ಗುರುತಿನವು ಧಾರಾಳ, ಗುರುತಿಲ್ಲದ ಕೋಲ್ಕತ್ತಾದವು ಇಲ್ಲಿ ಕಡಿಮೆ. ಬೆಂಗಾಲಿ ಕುಶಲಕರ್ಮಿಗಳು ಚಿನ್ನದ ಕೆಲಸ ಮಾಡುವ ಝವೇರಿ ಬಜಾರಿನ ಬದಿಯ ಎರಡು ಹೋಟೆಲುಗಳಲ್ಲಿ ಕಾಫಿ ಶುರು ಮಾಡಿದ್ದೇನೆ.