ಕಾರವಾರದ ಸೆಕೆಯಲ್ಲಿ ಓವರ್‌ಕ್ಲಾಕ್: ದೋಷ ಎಲ್ಲಿದೆ ಎಂದು ಹುಡುಕಿದ ನನ್ನ ಅನುಭವ

ರಾತ್ರಿಯಿಡೀ ನಡೆಯುವ ಯಕ್ಷಗಾನದ ವಿಡಿಯೊಗಳನ್ನು ಎಡಿಟ್ ಮಾಡಿಕೊಡುವುದು ನನ್ನ ಕೆಲಸ. ನನ್ನಲ್ಲಿರುವುದು 2017ರಲ್ಲಿ ಬಂದ ಇಂಟೆಲ್ ಕೋರ್ ಐ5-8600ಕೆ. ಆರು ಕೋರ್, ಮೂಲ ವೇಗ 3.6 ಗಿಗಾಹರ್ಟ್ಜ್, ಟರ್ಬೊದಲ್ಲಿ ಹೆಚ್ಚೆಂದರೆ 4.3. ವೇಗ ನಿರ್ಧರಿಸುವ ಗುಣಕಕ್ಕೆ (ಮಲ್ಟಿಪ್ಲೈಯರ್) ಬೀಗವಿಲ್ಲದ ಪ್ರೊಸೆಸರ್ ಆದ್ದರಿಂದ ಅದನ್ನು ಓವರ್‌ಕ್ಲಾಕ್ ಮಾಡಿ, ಅಂದರೆ ತಯಾರಕರು ನಿಗದಿಪಡಿಸಿದ ವೇಗವನ್ನು ಮೀರಿ 4.8ಕ್ಕೆ ಏರಿಸಿ ಬಳಸುತ್ತಿದ್ದೆ. ಚಳಿಗಾಲದಲ್ಲಿ ತಕರಾರಿಲ್ಲದೆ ಓಡಿದ ಯಂತ್ರ ಏಪ್ರಿಲ್ ಹೊತ್ತಿಗೆ ಕೈಕೊಡತೊಡಗಿತು. ಒಮ್ಮೆ ನೀಲಿ ಪರದೆ ಬರುತ್ತಿತ್ತು, ಒಮ್ಮೆ ಎಡಿಟಿಂಗ್ ತಂತ್ರಾಂಶ ಮಾತ್ರ ತಾನಾಗಿ ಮುಚ್ಚಿಹೋಗುತ್ತಿತ್ತು, ಇನ್ನೊಮ್ಮೆ ರೆಂಡರ್ (ಎಡಿಟ್ ಆದ ವಿಡಿಯೊವನ್ನು ಅಂತಿಮ ಫೈಲ್ ಆಗಿಸುವ ಕೆಲಸ) ಮುಗಿದ ಕ್ಷಣದಲ್ಲೇ ಯಂತ್ರ ರೀಸ್ಟಾರ್ಟ್ ಆಗುತ್ತಿತ್ತು. ಈ ಮೂರಕ್ಕೂ ಕಾರಣ ಒಂದೇ ಇರಬೇಕಾಗಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡರೆ ಹುಡುಕಾಟ ಅರ್ಧ ಹಗುರವಾಗುತ್ತದೆ.

ಎಲ್ಲಕ್ಕಿಂತ ಮೊದಲು ಮೂಲ ರೆಕಾರ್ಡಿಂಗ್ ಇದ್ದ ಡಿಸ್ಕ್‌ನ ಕೇಬಲ್ ಕಳಚಿ ಪಕ್ಕಕ್ಕಿಟ್ಟೆ. ಅಸ್ಥಿರವಾದ ಪ್ರೊಸೆಸರ್ ಅಥವಾ ರ್‍ಯಾಮ್ ಯಾವ ಸೂಚನೆಯನ್ನೂ ಕೊಡದೆ ಫೈಲನ್ನು ಕೆಡಿಸಬಲ್ಲದು. ಒಂದು ರಾತ್ರಿಯ ಆಟವನ್ನು ಮತ್ತೆ ಆಡಿಸಲು ಬರುವುದಿಲ್ಲ. ಬಳಿಕ ಬಯಾಸ್ (ಮದರ್‌ಬೋರ್ಡ್‌ನ ಮೂಲ ಸೆಟ್ಟಿಂಗ್‌ಗಳು) ಅನ್ನು ಪೂರ್ತಿ ಮೂಲಸ್ಥಿತಿಗೆ ತಂದು, ಯಂತ್ರಕ್ಕೆ ಪೂರ್ಣ ಹೊರೆ ಹಾಕಿ ಪರೀಕ್ಷಿಸುವ ಪ್ರೈಮ್95 ತಂತ್ರಾಂಶವನ್ನು ರಾತ್ರಿಯಿಡೀ ಓಡಿಸಿದೆ. ಅದು ತಡೆಯಿಲ್ಲದೆ ಓಡಿದ್ದರಿಂದ ದೋಷ ನಾನು ಬದಲಿಸಿದ ಸೆಟ್ಟಿಂಗ್‌ಗಳ ಒಳಗೇ ಇದೆ ಎಂದು ಖಚಿತವಾಯಿತು. ನಮ್ಮ ಕಡೆ ಮಳೆ ಶುರುವಾದರೆ ಕರೆಂಟಿನ ಏರಿಳಿತವೂ ಸೇರಿಕೊಳ್ಳುತ್ತದೆ. ಹಾಗಾಗಿ ಪರೀಕ್ಷೆಯನ್ನು ಯುಪಿಎಸ್ ಮೇಲೆಯೇ ಮಾಡಬೇಕು.

ರ್‍ಯಾಮ್ ಅನ್ನು ಅದರ ತಯಾರಕರು ಹೇಳಿದ ಹೆಚ್ಚಿನ ವೇಗಕ್ಕೆ ಏರಿಸುವ ಸಿದ್ಧ ಸೆಟ್ಟಿಂಗ್ ಆದ ಎಕ್ಸ್‌ಎಂಪಿ ಕೂಡ ಓವರ್‌ಕ್ಲಾಕ್ ಎಂಬುದನ್ನು ಅನೇಕರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಈ ಪ್ರೊಸೆಸರ್‌ಗೆ ಇಂಟೆಲ್ ಅಧಿಕೃತವಾಗಿ ಹೇಳಿರುವುದು ಡಿಡಿಆರ್4-2666, ಅಂದರೆ 2666 ವೇಗದ ರ್‍ಯಾಮ್. ನನ್ನ ರ್‍ಯಾಮ್ ಎಕ್ಸ್‌ಎಂಪಿಯಲ್ಲಿ 1.35 ವೋಲ್ಟ್‌ಗೆ 3200ರಲ್ಲಿ ಓಡುತ್ತಿತ್ತು. ಕೋರ್‌ಗಳನ್ನು ಮೂಲ ವೇಗದಲ್ಲೇ ಬಿಟ್ಟು ಎಕ್ಸ್‌ಎಂಪಿ ಮಾತ್ರ ಹಾಕಿ ನೋಡಿದೆ. ಪ್ರೈಮ್95ರಲ್ಲಿ ಕೋರ್‌ಗಳನ್ನು ಹಿಂಡುವ ಸ್ಮಾಲ್ ಎಫ್‌ಎಫ್‌ಟಿ ಪರೀಕ್ಷೆ ಸರಾಗವಾಗಿ ಮುಗಿಯಿತು. ರ್‍ಯಾಮ್ ಅನ್ನೂ ದುಡಿಸುವ ಬ್ಲೆಂಡ್ ಪರೀಕ್ಷೆಯಲ್ಲಿ ಲೆಕ್ಕ ಮಾಡುವ ಒಂದು ಎಳೆ (ವರ್ಕರ್) ನಿಂತುಹೋಗಿ, ರೌಂಡಿಂಗ್ 0.4ಕ್ಕಿಂತ ಕಡಿಮೆ ಇರಬೇಕಾದಲ್ಲಿ 0.5 ಬಂದಿದೆ ಎಂಬ, ಅಂದರೆ ಲೆಕ್ಕ ತಪ್ಪಿದೆ ಎಂಬ ಕೆಂಪು ಸಾಲು ಕಾಣಿಸಿತು. ತಂತ್ರಾಂಶ ತಾನಾಗಿ ಮುಚ್ಚಿಹೋಗುತ್ತಿದ್ದುದರ ಮೂಲ ಇದೇ. ರ್‍ಯಾಮ್ ಕಳಚಿ ನೋಡಿದರೆ ಬಂಗಾರದ ಬಣ್ಣದ ಅಂಚಿನ ಮೇಲೆ ತೆಳುವಾದ ಮಬ್ಬು ಪದರ ಇತ್ತು. ಕಡಲ ದಂಡೆಯ ತೇವದ ಗಾಳಿಯಲ್ಲಿ ಇದನ್ನು ಆಗಾಗ ನೋಡುತ್ತಿರಬೇಕು. ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ ಮತ್ತೆ ಕೂರಿಸಿ, ಮದರ್‌ಬೋರ್ಡ್ ‘ಆಟೊ’ದಲ್ಲಿ ಕೊಡುತ್ತಿದ್ದ ಮೆಮೊರಿ ಕಂಟ್ರೋಲರ್ ವೋಲ್ಟೇಜ್‌ಗಳನ್ನು ಕೈಯಾರೆ ನಿಗದಿಪಡಿಸಿ, ವೇಗವನ್ನು 3000ಕ್ಕೆ ಇಳಿಸಿದ ಮೇಲೆ ಬ್ಲೆಂಡ್ ಪರೀಕ್ಷೆಯೂ ರ್‍ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಕೂಡ ತಪ್ಪಿಲ್ಲದೆ ಮುಗಿದವು.

ಇನ್ನು ಉಳಿದದ್ದು ಕೋರ್‌ಗಳು. ಎಕ್ಸ್‌ಎಂಪಿ ತೆಗೆದು ಮತ್ತೆ 4.8ಕ್ಕೆ ಏರಿಸಿದೆ. ಬಯಾಸ್‌ನಲ್ಲಿ ಬರೆದದ್ದು 1.32 ವೋಲ್ಟ್ ಆದರೂ ಹೊರೆ ಬಿದ್ದಾಗ ಪರದೆಯಲ್ಲಿ ಕಾಣುತ್ತಿದ್ದುದು ಅದಕ್ಕಿಂತ ಬಹಳ ಕಡಿಮೆ. ಈ ಕುಸಿತವನ್ನು ತುಂಬಲೆಂದೇ ಲೋಡ್‌ಲೈನ್ ಕ್ಯಾಲಿಬ್ರೇಷನ್ ಇದೆ. ಆದರೆ ಅದನ್ನು ಗರಿಷ್ಠ ಮಟ್ಟಕ್ಕೆ ಹಾಕಿದರೆ ಹೊರೆ ದಿಢೀರನೆ ಬೀಳುವ ಅಥವಾ ಏರುವ ಗಳಿಗೆಯಲ್ಲಿ ವೋಲ್ಟೇಜ್ ಇನ್ನಷ್ಟು ತೂಗಾಡುತ್ತದೆ, ಮತ್ತು ಆ ತೂಗಾಟ ಎಷ್ಟು ಕ್ಷಣಿಕವೆಂದರೆ ಮಾನಿಟರಿಂಗ್ ತಂತ್ರಾಂಶದ ಕಣ್ಣಿಗೆ ಬೀಳುವುದೇ ಇಲ್ಲ. ಮಟ್ಟವನ್ನು ಮಧ್ಯಕ್ಕೆ ಇಳಿಸಿದ ಮೇಲೆ ರೆಂಡರ್ ಮುಗಿದಾಗಿನ ರೀಸ್ಟಾರ್ಟ್ ನಿಂತಿತು.

ನೀಲಿ ಪರದೆ ಮಾತ್ರ ಹೋಗಲಿಲ್ಲ. ಅದರ ಮೇಲೆ ಬರುತ್ತಿದ್ದುದು ‘ಕ್ಲಾಕ್ ವಾಚ್‌ಡಾಗ್ ಟೈಮ್‌ಔಟ್’. ಇಂಥ ಓವರ್‌ಕ್ಲಾಕ್‌ನಲ್ಲಿ ಅದು ಸಾಮಾನ್ಯವಾಗಿ ಕೋರ್‌ಗೆ ವೋಲ್ಟೇಜ್ ಸಾಲುತ್ತಿಲ್ಲ ಎಂಬುದರ ಗುರುತು. ಯಂತ್ರ ನಿಲ್ಲದ ದಿನಗಳಲ್ಲೂ ವಿಂಡೋಸ್‌ನ ದಾಖಲೆ ಪಟ್ಟಿಯಾದ ಈವೆಂಟ್ ವ್ಯೂವರ್‌ನಲ್ಲಿ ‘ವಿಯಾ ಲಾಗರ್ 19’ (WHEA-Logger, ಯಂತ್ರಾಂಶದ ದೋಷ ದಾಖಲಿಸುವ ವ್ಯವಸ್ಥೆ) ಎಂಬ ಎಚ್ಚರಿಕೆಗಳು ಸಾಲಾಗಿ ನಿಂತಿದ್ದವು, ಅಂದರೆ ಪ್ರೊಸೆಸರ್ ತನ್ನ ತಪ್ಪನ್ನು ತಾನೇ ತಿದ್ದಿಕೊಂಡು ಓಡುತ್ತಿತ್ತು. ಪರೀಕ್ಷೆ ಪಾಸಾಯಿತೆಂದು ಸಮಾಧಾನಪಡುವವರು ಈ ಪಟ್ಟಿಯನ್ನು ತಪ್ಪದೆ ತೆರೆದು ನೋಡಬೇಕು.

ಸಹಜವಾದ ಪರಿಹಾರ ವೋಲ್ಟೇಜ್ ಏರಿಸುವುದು. ಆದರೆ ಪ್ರೊಸೆಸರ್ ಸೆಳೆಯುವ ವಿದ್ಯುತ್ತು ವೇಗದ ಜೊತೆಗೆ ನೇರವಾಗಿಯೂ ವೋಲ್ಟೇಜ್‌ನ ವರ್ಗದ ಪ್ರಮಾಣದಲ್ಲಿಯೂ ಏರುತ್ತದೆ, 1.25ರಿಂದ 1.35ಕ್ಕೆ ಹೋದರೆ ಅದೊಂದರಿಂದಲೇ ಸುಮಾರು ಶೇ. 17 ಹೆಚ್ಚು. ಈ ಪೀಳಿಗೆಯಲ್ಲಿ ಚಿಪ್‌ಗೂ ಮೇಲಿನ ಲೋಹದ ಮುಚ್ಚಳಕ್ಕೂ ನಡುವೆ ಬೆಸುಗೆಯ ಬದಲು ಥರ್ಮಲ್ ಪೇಸ್ಟ್ ಇರುವುದರಿಂದ ಬಿಸಿ ಸುಲಭವಾಗಿ ಹೊರಬರುವುದಿಲ್ಲ. ಮೇಲಾಗಿ ಕೋಣೆ ಹತ್ತು ಡಿಗ್ರಿ ಕಾದರೆ ಕೋರ್ ಕೂಡ ಹೆಚ್ಚುಕಡಿಮೆ ಅಷ್ಟೇ ಕಾಯುತ್ತದೆ. ಕಾರವಾರದ ಏಪ್ರಿಲ್‌ನಲ್ಲಿ ಕೋಣೆಯೇ 33 ಡಿಗ್ರಿ ಇರುವಾಗ, ಏರಿಸಿದ ಪ್ರತಿ ಹಂತವೂ 100 ಡಿಗ್ರಿಯ ಮಿತಿಯ ಕಡೆಗೇ ಒಯ್ಯುತ್ತಿತ್ತು.

ಕೊನೆಗೆ ವೇಗವನ್ನು 4.7ಕ್ಕೆ ಇಳಿಸಿದೆ, ಅಲ್ಲಿ ಹೊರೆಯಲ್ಲಿ 1.25 ವೋಲ್ಟ್ ಸಾಕಾಯಿತು. ಕಳೆದುಕೊಂಡ ವೇಗ ಶೇ. 2ರಷ್ಟು, ಒಂದು ಗಂಟೆಯ ರೆಂಡರ್‌ಗೆ ಒಂದು ನಿಮಿಷಕ್ಕಿಂತ ತುಸು ಹೆಚ್ಚು. ನಂತರ ರ್‍ಯಾಮ್‌ನ 3000ದ ಸೆಟ್ಟಿಂಗ್ ಮತ್ತೆ ಸೇರಿಸಿ, ಮಧ್ಯಾಹ್ನದ ಸೆಕೆಯಲ್ಲೇ ಕಿಟಕಿ ಮುಚ್ಚಿ ಬ್ಲೆಂಡ್ ಓಡಿಸಿದೆ. ವಿಯಾ ಎಚ್ಚರಿಕೆ ಒಂದೂ ಬರಲಿಲ್ಲ. ಶಿರಸಿಯಲ್ಲಿರುವ ನನ್ನ ಭಾವ ಇದೇ ಪ್ರೊಸೆಸರ್ ಅನ್ನು 4.8ರಲ್ಲಿ ಓಡಿಸುತ್ತಿದ್ದಾನೆ, ಘಟ್ಟದ ಮೇಲಿನ ಆ ಕೋಣೆಗೆ ಅದು ಸರಿಯೇ ಇರಬಹುದು. ಆದರೂ ಆ ಸೆಟ್ಟಿಂಗ್ ಅನ್ನು ಮುಂದಿನ ಏಪ್ರಿಲ್‌ನಲ್ಲಿ ಇನ್ನೊಮ್ಮೆ ಪರೀಕ್ಷಿಸಿದ ಮೇಲೆಯೇ ಮೂಲ ರೆಕಾರ್ಡಿಂಗ್‌ಗಳ ಡಿಸ್ಕ್ ಜೋಡಿಸು ಎಂದು ಅವನಿಗೆ ಹೇಳಿದ್ದೇನೆ.