ಹಳೆಯ ಗಿಟಾರ್ ಆಂಪ್‌ಗೆ ಹೊಸ ವಾಲ್ವ್: ಆರಿಸುವುದು ಹೇಗೆ, ಬಯಾಸ್ ಮಾಡುವುದು ಹೇಗೆ?

ನಮ್ಮ ರೇಡಿಯೊ ರಿಪೇರಿಯವರು ವಾಲ್ವ್ ಎನ್ನುವುದನ್ನೇ ಅಮೆರಿಕದವರು ಟ್ಯೂಬ್ ಎನ್ನುತ್ತಾರೆ. ಬಲ್ಬ್ ಬದಲಾಯಿಸಿದಂತೆ ಹಳೆಯದನ್ನು ಕಿತ್ತು ಹೊಸದನ್ನು ಸಿಕ್ಕಿಸಿದರೂ ಆಂಪ್ (ಆಂಪ್ಲಿಫೈಯರ್) ನುಡಿಯುತ್ತದೆ. ಆದರೆ ಸ್ಪೀಕರಿಗೆ ಶಕ್ತಿ ಕೊಡುವ ಔಟ್‌ಪುಟ್ ವಾಲ್ವ್‌ಗಳ ಮಟ್ಟಿಗೆ ಅಷ್ಟು ಸಾಲದು. 1960ರ ದಶಕದ ಫೆಂಡರ್ ಡಿಲಕ್ಸ್ ರಿವರ್ಬ್ ಆಂಪನ್ನೇ ನೋಡಿ. ಅದರಲ್ಲಿರುವುದು ಎರಡು 6ವಿ6ಜಿಟಿ ವಾಲ್ವ್. ತಯಾರಕರ ಹಳೆಯ ಪಟ್ಟಿಗಳಲ್ಲಿ ಈ ವಾಲ್ವ್‌ನ ಪ್ಲೇಟ್‌ಗೆ (ಕರೆಂಟ್ ಹರಿಯುವ ಒಳಗಿನ ತಗಡು) ಕೊಟ್ಟಿರುವ ಮಿತಿ 315 ವೋಲ್ಟ್. ಈ ಆಂಪ್ ಕೊಡುವುದು ಸುಮಾರು 415 ವೋಲ್ಟ್! ಹಾಗಾಗಿ ಯಾವ ವಾಲ್ವ್ ಕೊಳ್ಳುತ್ತೀರಿ, ಅದರಲ್ಲಿ ಎಷ್ಟು ಕರೆಂಟ್ ಹರಿಯಬಿಡುತ್ತೀರಿ ಎಂಬ ಎರಡೂ ಇಲ್ಲಿ ಮುಖ್ಯ. ಈ ಕರೆಂಟನ್ನು ಹದಕ್ಕೆ ಹೊಂದಿಸುವುದನ್ನೇ ಬಯಾಸ್ ಮಾಡುವುದು ಎನ್ನುತ್ತಾರೆ.

ಕೊಳ್ಳುವಾಗ

ಹೊಸ ವಾಲ್ವ್‌ಗಳಲ್ಲಿ ಸ್ಲೊವಾಕಿಯಾದ ಜೆಜೆ ಕಂಪನಿಯ 6ವಿ6ಎಸ್ ಈ ವೋಲ್ಟೇಜ್ ತಡೆಯುವುದಕ್ಕೆ ಹೆಸರಾಗಿದೆ. ಆರ್‌ಸಿಎ, ಸಿಲ್ವೇನಿಯಾ ಕಂಪನಿಗಳ ಹಳೆಯ ವಾಲ್ವ್ ಸಿಕ್ಕರೆ ಒಳ್ಳೆಯದೇ, ಆದರೆ ಅಳೆದು ಕೊಟ್ಟ ಜೋಡಿಯಾಗಿರಲಿ. ಎರಡರ ಕರೆಂಟ್‌ನಲ್ಲಿ 3–4 ಮಿಲಿಆಂಪ್ ವ್ಯತ್ಯಾಸವಿದ್ದರೆ ತೊಂದರೆಯಿಲ್ಲ. ಅದಕ್ಕಿಂತ ತೀರಾ ಹೆಚ್ಚಾದರೆ ಗುಂಯ್‌ಗುಡುವ ಸದ್ದು ಏಳುತ್ತದೆ.

ಹೆಚ್ಚು ಶಕ್ತಿ ಬರಲೆಂದು 6ಎಲ್6 ಹಾಕಬೇಡಿ. 6ವಿ6ರ ಹೀಟರ್ (ವಾಲ್ವನ್ನು ಕಾಯಿಸುವ ತಂತಿ) 0.45 ಆಂಪಿಯರ್ ಎಳೆದರೆ 6ಎಲ್6ರದು 0.9. ಹಳೆಯ ಟ್ರಾನ್ಸ್‌ಫಾರ್ಮರ್ ಆ ಭಾರಕ್ಕೆ ಕಾಯುತ್ತದೆ. ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ವಾಲ್ವ್‌ನ ಜಾಗಕ್ಕೂ ಇದೇ ಮಾತು. ಅಲ್ಲಿ ಜಿಜೆಡ್34 ಅಥವಾ ಅದರ ಇನ್ನೊಂದು ಹೆಸರಾದ 5ಎಆರ್4 ಮಾತ್ರ ಇರಲಿ.

ಗಿಟಾರಿನ ಸಣ್ಣ ಸಿಗ್ನಲನ್ನು ಮೊದಲು ಹಿಗ್ಗಿಸುವ ಪ್ರಿಆಂಪ್‌ನ 12ಎಎಕ್ಸ್7 ವಾಲ್ವ್‌ಗಳಿಗೆ ಬಯಾಸ್ ಗೊಡವೆಯಿಲ್ಲ. ವಾಲ್ಯೂಮ್ ಅರ್ಧಕ್ಕಿಟ್ಟು ಪೆನ್ಸಿಲ್ ತುದಿಯಿಂದ ಗಾಜನ್ನು ಮೆಲ್ಲಗೆ ತಟ್ಟಿ. ಸ್ಪೀಕರಿನಲ್ಲಿ ಸಣ್ಣ ಟಕ್ ಕೇಳಿದರೆ ಸಹಜ. ಟಿಂಯ್ ಎಂದು ಎಳೆದುಕೊಂಡು ಊಳಿಟ್ಟರೆ ಆ ವಾಲ್ವ್ ಬದಲಾಯಿಸಿ.

ಕೈಹಾಕುವ ಮುನ್ನ

ಪ್ಲಗ್ ಕಿತ್ತ ಮೇಲೂ ವಿದ್ಯುತ್ ತುಂಬಿಟ್ಟುಕೊಳ್ಳುವ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ 400 ವೋಲ್ಟ್ ಉಳಿದಿರಬಹುದು. ಅದು ಪ್ರಾಣ ತೆಗೆಯುತ್ತದೆ. 10 ಕಿಲೋಓಮ್, 5 ವ್ಯಾಟ್ ರೆಸಿಸ್ಟರಿಗೆ ಇನ್ಸುಲೇಟೆಡ್ ಕ್ಲಿಪ್ ಸಿಕ್ಕಿಸಿ, ಕೆಪಾಸಿಟರ್‌ನ ಪ್ಲಸ್ ತುದಿಯನ್ನು ಷಾಸಿಗೆ (ಆಂಪ್‌ನ ಲೋಹದ ಚೌಕಟ್ಟು) ಸೇರಿಸಿ ಖಾಲಿ ಮಾಡಿ. ಮೀಟರ್ 5 ವೋಲ್ಟ್‌ಗಿಂತ ಕೆಳಗೆ ತೋರಿಸುವವರೆಗೆ ಕೈ ಒಳಗೆ ಹೋಗಬಾರದು. ಆಂಪ್ ಆನ್ ಇದ್ದಾಗ ಅಳೆಯಬೇಕಾದರೆ ಮೈನಸ್ ತಂತಿಯನ್ನು ಮೊದಲೇ ಷಾಸಿಗೆ ಕಚ್ಚಿಸಿ, ಒಂದೇ ಕೈಯಲ್ಲಿ ಕೆಲಸ ಮಾಡಿ. ಇನ್ನೊಂದು ಕೈ ಜೇಬಿನಲ್ಲಿರಲಿ. ಈ ಅಭ್ಯಾಸ ಇಲ್ಲದವರು ಇಲ್ಲಿಂದ ಮುಂದಿನ ಕೆಲಸವನ್ನು ಬಲ್ಲವರಿಗೇ ಬಿಡಬೇಕು. ಸ್ಪೀಕರ್ ಜೋಡಿಸದೆ ಆಂಪ್ ನುಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು ಎಂಬುದೂ ನೆನಪಿರಲಿ.

ಅಮೆರಿಕದ ಆಂಪನ್ನು ನಮ್ಮ 230 ವೋಲ್ಟಿಗೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಮೂಲಕವೇ ಹಚ್ಚಬೇಕು. ಅರ್ಥಿಂಗ್ ಆಂಪ್‌ವರೆಗೆ ಹಾಯುವ ಮೂರು ಪಿನ್ನಿನದನ್ನೇ ಕೊಳ್ಳಿ. ಅದು 110 ವೋಲ್ಟ್ ಕೊಡುತ್ತದೋ 120 ಕೊಡುತ್ತದೋ ಅಳೆದು ನೋಡಿ, ಏಕೆಂದರೆ ಒಳಗಿನ ಎಲ್ಲ ವೋಲ್ಟೇಜೂ ಅದರ ಜೊತೆ ಏರಿಳಿಯುತ್ತದೆ. ನುಡಿಸುವಾಗ ಯಾವ ಟ್ರಾನ್ಸ್‌ಫಾರ್ಮರ್ ಬಳಸುತ್ತೀರೋ ಬಯಾಸ್ ಮಾಡುವಾಗಲೂ ಅದೇ ಇರಲಿ.

ಬಯಾಸ್

ಮೊದಲು ಎರಡೂ 6ವಿ6 ತೆಗೆದಿಟ್ಟು ಆನ್ ಮಾಡಿ, ಎರಡೂ ಸಾಕೆಟ್‌ಗಳ 5ನೇ ಪಿನ್ನಿನ, ಅಂದರೆ ಕರೆಂಟನ್ನು ಹಿಡಿದಿಡುವ ಗ್ರಿಡ್‌ನ ವೋಲ್ಟೇಜ್ ಅಳೆಯಿರಿ. ಎರಡರಲ್ಲೂ ಮೈನಸ್ 35 ವೋಲ್ಟ್‌ನ ಆಸುಪಾಸು, ಸಮನಾಗಿ ಇರಬೇಕು. ಒಂದರಲ್ಲಿ ಮಾತ್ರ ಮೈನಸ್ ಕಡಿಮೆಯಿದ್ದರೆ (ಸೊನ್ನೆಗೆ ಹತ್ತಿರವಿದ್ದರೆ) ಆ ಬದಿಯ 0.1 ಮೈಕ್ರೊಫ್ಯಾರಡ್ ಕಪ್ಲಿಂಗ್ ಕೆಪಾಸಿಟರ್ ಸೋರುತ್ತಿರಬಹುದು. ಎರಡರಲ್ಲೂ ಕಡಿಮೆಯಿದ್ದರೆ ಬಯಾಸ್ ಸರ್ಕ್ಯೂಟಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಒಣಗಿರಬಹುದು. ಇದನ್ನು ಸರಿಪಡಿಸದೆ ಹೊಸ ವಾಲ್ವ್ ಹಾಕಿದರೆ ದುಡ್ಡು ಸುಟ್ಟಂತೆ.

ಆಫ್ ಮಾಡಿ, ಕೆಪಾಸಿಟರ್ ಮತ್ತೆ ಖಾಲಿ ಮಾಡಿ. ವಾಲ್ವ್‌ನ ಕರೆಂಟೆಲ್ಲ ಹಾಯುವ 8ನೇ ಪಿನ್‌ನಿಂದ (ಕ್ಯಾಥೋಡ್) ಷಾಸಿಗೆ ಹೋಗುವ ತಂತಿಯನ್ನು ಕಳಚಿ, ನಡುವೆ 1 ಓಮ್, 1 ಶೇಕಡಾ ನಿಖರತೆಯ, 1 ವ್ಯಾಟ್ ರೆಸಿಸ್ಟರ್ ಬೆಸುಗೆ ಹಾಕಿ. ಎರಡೂ ಸಾಕೆಟ್‌ಗೆ ಹೀಗೇ ಮಾಡಿ. ಇನ್ನು ಆ ರೆಸಿಸ್ಟರಿನ ಎರಡು ತುದಿಗಳ ನಡುವೆ ಮೀಟರ್ ತೋರಿಸುವ 1 ಮಿಲಿವೋಲ್ಟ್ ಎಂದರೆ 1 ಮಿಲಿಆಂಪ್. ಬಯಾಸ್ ಪಾಟ್ (ಮೈನಸ್ ವೋಲ್ಟೇಜ್ ಹೊಂದಿಸುವ ತಿರುಪು) ಅನ್ನು ಅತಿ ಹೆಚ್ಚು ಮೈನಸ್ ಸಿಗುವ ತುದಿಗೆ ತಿರುಗಿಸಿಟ್ಟೇ ವಾಲ್ವ್ ಹಾಕಿ.

ಆನ್ ಮಾಡಿ, ವಾಲ್ಯೂಮ್ ಸೊನ್ನೆಗಿಟ್ಟು 15 ನಿಮಿಷ ಬಿಸಿಯಾಗಲು ಬಿಡಿ. 3ನೇ ಪಿನ್ನಿನ ಪ್ಲೇಟ್ ವೋಲ್ಟೇಜ್ ಅಳೆಯಿರಿ. 420 ವೋಲ್ಟ್ ಬಂತು, ರೆಸಿಸ್ಟರ್ ಮೇಲೆ 24 ಮಿಲಿವೋಲ್ಟ್ ಬಂತು ಎನ್ನೋಣ. 24 ಮಿಲಿಆಂಪ್‌ನಲ್ಲಿ ಒಂದೂವರೆಯಷ್ಟು ಸ್ಕ್ರೀನ್ (ವಾಲ್ವ್‌ನೊಳಗಿನ ಎರಡನೇ ಗ್ರಿಡ್) ಕರೆಂಟ್ ಎಂದು ಕಳೆದರೆ ಉಳಿಯುವುದು 22.5. ಅದನ್ನು 420ರಿಂದ ಗುಣಿಸಿದರೆ ಸುಮಾರು 9.5 ವ್ಯಾಟ್. 6ವಿ6ರ ಮಿತಿ 14 ವ್ಯಾಟ್ ಎಂದು ಹಿಡಿದರೆ ಇದು ಶೇ 68ರಷ್ಟಾಯಿತು. ಶೇ 60ರಿಂದ 70ರ ಒಳಗಿರಲಿ. ಈ ಹೆಚ್ಚಿನ ವೋಲ್ಟೇಜಿನ ಆಂಪ್‌ಗೆ 60–65 ಇನ್ನೂ ಹಿತ. ಪಾಟ್ ತಿರುಗಿಸಿದಾಗಲೆಲ್ಲ ಪ್ಲೇಟ್ ವೋಲ್ಟೇಜೂ ಬದಲಾಗುತ್ತದೆ. ಆದ್ದರಿಂದ ಪ್ರತಿ ಸಲವೂ ಎರಡನ್ನೂ ಅಳೆದು ಲೆಕ್ಕ ಹಾಕಿ. ಬೇರೆಯವರ ಆಂಪ್‌ನ ಮಿಲಿಆಂಪ್ ಅಂಕಿ ನಿಮ್ಮದಕ್ಕೆ ಹೊಂದುವುದಿಲ್ಲ.

ಈಗ ದೀಪ ಆರಿಸಿ ವಾಲ್ವ್‌ಗಳನ್ನೇ ದಿಟ್ಟಿಸಿ. ನಡುವಿನ ಹೀಟರ್‌ನ ಕಿತ್ತಳೆ ಬೆಳಕು ಸಹಜ. ಸುತ್ತಲಿನ ಬೂದುಬಣ್ಣದ ತಗಡಿನ ಮೇಲೆ ಮಂಕಾದ ಕೆಂಪು ಮಚ್ಚೆ ಮೂಡಿದರೆ ಆ ಕ್ಷಣವೇ ಆಫ್ ಮಾಡಿ, ಗ್ರಿಡ್‌ಗೆ ಸಾಕಷ್ಟು ಮೈನಸ್ ವೋಲ್ಟೇಜ್ ತಲುಪದಿರಬಹುದು. ಇದಕ್ಕೆ ತದ್ವಿರುದ್ಧ ತೊಂದರೆ ಕಿವಿಗೆ ಗೊತ್ತಾಗುತ್ತದೆ: ಸಣ್ಣ ಸದ್ದಿನಲ್ಲಿ ಒಂದು ತಂತಿ ಮೀಟಿ ಸ್ವರ ಆರುವವರೆಗೆ ಕೇಳಿ. ಕೊನೆಯಲ್ಲಿ ಮರಳು ತಿಕ್ಕಿದಂತೆ ಕರಕರ ಎಂದರೆ ಕರೆಂಟ್ ಕಡಿಮೆಯಾಗಿದೆ.

ಹತ್ತಿಪ್ಪತ್ತು ಗಂಟೆ ನುಡಿಸಿದ ಮೇಲೆ ಇನ್ನೊಮ್ಮೆ ಅಳೆಯಿರಿ. ಹೊಸ ವಾಲ್ವ್‌ನ ಕರೆಂಟ್ ಅಷ್ಟರಲ್ಲಿ ಒಂದೆರಡು ಮಿಲಿಆಂಪ್ ಸರಿದಿರುತ್ತದೆ.