ಹೆಗಲ ಮೂಳೆಗೆ ಪುಡಿಯಾದ ಗುಂಡು

ಸೆಪ್ಟೆಂಬರ್‌ನಲ್ಲಿ, ಕೋವಿಗೆ ಪೂಜೆ ಮಾಡುವ ಕೈಲ್ ಮುಹೂರ್ತ ಹಬ್ಬಕ್ಕೆ, ಪುಣೆಯ ನಮ್ಮ ಮನೆಯಲ್ಲಿ ಕೊಡಗಿನ ನಾಲ್ಕಾರು ಕುಟುಂಬ ಸೇರುತ್ತವೆ. ಕೋವಿ ಊರಲ್ಲೇ ಇದೆ, ಇಲ್ಲಿ ಪಂದಿ ಕರಿ, ಕಡಂಬುಟ್ಟು, ಮಾತು ಅಷ್ಟೇ. ಈ ಸಲ ಪಕ್ಕದ ಮನೆಯ ಧಾರವಾಡದ ಹುಡುಗ ಕೇಳಿದ: "ಅಂಕಲ್, ದೊಡ್ಡ ಪ್ರಾಣಿಗೆ ದೊಡ್ಡ ಬಂದೂಕು ಇದ್ರ ಸಾಕಲ್ರಿ?"

ಸಾಲದು. ನಾನು ಹಾಗೇ ಅಂದುಕೊಂಡು ಕೆಟ್ಟಿದ್ದೆ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದಾಗಿ ಬೇಟೆ ಇಲ್ಲ, ಇರಲೂಬಾರದು. ನಾನು ಕಲಿತಿದ್ದು ಕೆಲಸಕ್ಕೆಂದು ನಮೀಬಿಯಾದಲ್ಲಿದ್ದಾಗ, ಪರ್ಮಿಟ್ ತಗೊಂಡು. ಕುಡು ಅನ್ನೋದು ಅಲ್ಲಿನ ಒಂದು ಹುಲ್ಲೆ, ಕಡವೆಯಷ್ಟು ದೊಡ್ಡದು, ಸುರುಳಿ ಕೊಂಬು. ಅದಕ್ಕೆ ಗುಂಡಿನ ಶಕ್ತಿ ಕನಿಷ್ಠ 2,700 ಜೂಲ್ ಇರಬೇಕು ಅಂತ ಅಲ್ಲಿನ ನಿಯಮ. ನನ್ನ .30-06 ರೈಫಲ್‌ನ 150 ಗ್ರೇನ್ (ಗುಂಡಿನ ತೂಕದ ಅಳತೆ) ಸಾಫ್ಟ್ ಪಾಯಿಂಟ್ ಗುಂಡಿಗೆ, ಅಂದರೆ ಮೂತಿಯಲ್ಲಿ ಮೆತ್ತನೆ ಸೀಸ ಇದ್ದು ತಾಗಿದಾಗ ಅರಳುವ ಗುಂಡಿಗೆ, ನಳಿಕೆ ಬಾಯಲ್ಲಿ ಸುಮಾರು 3,800 ಜೂಲ್ ಇತ್ತು. ಇನ್ನೇನು ಬೇಕು?

ಅರವತ್ತು ಹೆಜ್ಜೆ ದೂರ. ಈಡು ಹೆಗಲಿಗೇ ಬಿತ್ತು. ಕುಡು ಮುಗ್ಗರಿಸಿ, ಎದ್ದು, ಮುಳ್ಳುಪೊದೆಯೊಳಗೆ ನುಗ್ಗಿಬಿಟ್ಟಿತು. ಜಾಡು ಹಿಡಿದು ಮೂರು ಗಂಟೆ ನಡೆದೆವು. ಒಂದು ಎಲೆ ಮೇಲೆ ರಕ್ತ, ಆಮೇಲೆ ನೂರು ಹೆಜ್ಜೆ ಏನೂ ಇಲ್ಲ. ಸಿಕ್ಕಾಗ ಅದಿನ್ನೂ ನಿಂತೇ ಇತ್ತು. ಎರಡನೇ ಈಡು ಹೊಡೆದೆ. ಆ ಮೂರು ಗಂಟೆ ನೆನೆದರೆ ಈಗಲೂ ಬೇಜಾರು.

ಚರ್ಮ ಸುಲಿದಾಗ ಗೊತ್ತಾಯ್ತು. ತಾಮ್ರದ ಕವಚ ಕಿತ್ತಳೆ ಸಿಪ್ಪೆಯ ಹಾಗೆ ಬಿಚ್ಚಿಕೊಂಡು ಹೆಗಲ ಮೂಳೆಯಲ್ಲೇ ಉಳಿದಿತ್ತು. ಸೀಸ ಪುಡಿಪುಡಿಯಾಗಿ ಮಾಂಸದಲ್ಲಿ ಚೆದುರಿತ್ತು. ಶ್ವಾಸಕೋಶಕ್ಕೆ ತಲುಪಿದ್ದು ಚೂರುಪಾರು. ಹತ್ತಿರದಲ್ಲಿ ವೇಗ ಜಾಸ್ತಿ, ಕವಚ ತೆಳು, ಎದುರಿಗೆ ದಪ್ಪ ಮೂಳೆ. ಗುಂಡು ಪುಡಿಯಾಗದೆ ಉಳಿಯೋದು ಹೇಗೆ? ಡಬ್ಬಿ ಮೇಲಿನ ಜೂಲ್ ಲೆಕ್ಕ ಇದನ್ನೆಲ್ಲ ಹೇಳೋದಿಲ್ಲ.

ಆಮೇಲೆ 180 ಗ್ರೇನ್ ಬಾಂಡೆಡ್ ಗುಂಡಿಗೆ ಬದಲಾದೆ. ಇದರಲ್ಲಿ ಸೀಸ ಕವಚಕ್ಕೆ ಬೆಸೆದಿರುತ್ತದೆ, ಬಿಟ್ಟುಕೊಳ್ಳೋದಿಲ್ಲ. ವೇಗ ಸ್ವಲ್ಪ ಕಡಿಮೆ, ಜೂಲ್ ಹೆಚ್ಚುಕಡಿಮೆ ಅಷ್ಟೇ. ಮುಂದಿನ ಕುಡುವಿಗೂ ಹೆಗಲಿಗೇ ಹೊಡೆದೆ. ಮೂಳೆ ಮುರಿದು, ಎರಡೂ ಶ್ವಾಸಕೋಶ ದಾಟಿ, ಆಚೆ ಬದಿಯ ಚರ್ಮದಡಿ ಗುಂಡು ಸಿಕ್ಕಿತು. ತೂಗಿದರೆ 163 ಗ್ರೇನ್. ಪ್ರಾಣಿ ನಲವತ್ತು ಹೆಜ್ಜೆ ದಾಟಿರಲಿಲ್ಲ.

ಹಾಗಂತ ಗಟ್ಟಿ ಗುಂಡೇ ಎಲ್ಲಕ್ಕೂ ಸರಿ ಅಂತಲ್ಲ. ಸ್ಪ್ರಿಂಗ್‌ಬಾಕ್ ಅನ್ನೋ ಅಲ್ಲಿನ ಚಿಕ್ಕ ಹುಲ್ಲೆ ನಮ್ಮ ಆಡಿನಷ್ಟೇ ಇರುತ್ತದೆ. ದೂರದಿಂದ ಪಕ್ಕೆಗೆ ಹೊಡೆದರೆ ಗಟ್ಟಿ ಗುಂಡು ಸರಿಯಾಗಿ ಅರಳದೆ ಸೂಜಿಯಂತೆ ದಾಟಿಹೋಗಬಹುದು. ಅದಕ್ಕೆ ಆ ಹಳೇ ಸಾಫ್ಟ್ ಪಾಯಿಂಟೇ ವಾಸಿ.

ಎರಡೂ ಗುಂಡಿನ ಫೋಟೋ ಫೋನಲ್ಲಿದೆ. ತೋರಿಸಿದೆ. ಹುಡುಗ ದೊಡ್ಡದು ಮಾಡಿ ನೋಡಿ, "ಇದು ಅಣಬಿ ಇದ್ದಂಗ ಅದ. ಆ ಇನ್ನೊಂದು ಏನ್ರಿ, ಕಸಾ?" ಅಂದ.